ಹಿಮಗೊಂಬೆಯ ಟೋಪಿ

ಜನವರಿ ೧೪, ವಿನ್ನಿಪೆಗ್. ನನ್ನ ಕೆಂಪು ಉಣ್ಣೆಟೋಪಿ ಬೆಳಿಗ್ಗೆಯಿಂದ ಕಾಣುತ್ತಿಲ್ಲ.

ಸಂಜೆ ಗ್ಯಾಸಿನ ಅಗ್ಗಿಷ್ಟಿಕೆ ತಾನಾಗಿಯೇ ಆರಿತು. ನನ್ನ ಗಂಡ ಓರೆಸ್ಟ್ ತಕ್ಷಣ ಮತ್ತೆ ಹಚ್ಚಲು ಹೊರಟ.

“ತಡಿಯೋ ಮಾರಾಯ! ಗ್ಯಾಸ್ ಬಂದ್ ಮಾಡಿ ಐದು ನಿಮಿಷ ಬಿಡು. ಮೊದ್ಲು ಹೊರಗಡೆ ಗೋಡೇಲಿರೋ ಹೊಗೆಕೊಳವೆ ನೋಡ್ಕೊಂಡು ಬಾ.”

ಹೋದವನು ಪೆಚ್ಚುಮೋರೆ ಹಾಕಿಕೊಂಡು ಬಂದ. “ಕೊಳವೆ ಬಾಯಿಗೇ ಒತ್ತಿ ಹಿಮದ ಗೊಂಬೆ ಮಾಡ್ಬಿಟ್ಟಿದೀನಿ ಕಣೆ. ನಾಳೆ ಪರದೆ ಸರಿಸಿದ್ರೆ ಕುರ್ಚಿಯಿಂದಾನೇ ನಿಂಗೆ ಕಾಣ್ಲಿ ಅಂತ.”

“ಉಸಿರುಗಟ್ಟಿಸಿ ಇಬ್ಬರನ್ನೂ ಸಾಯಿಸ್ತಿದ್ದೆ, ಮುದಿಗೂಬೆ!” ಎಂದು ಚೆನ್ನಾಗಿ ಬೈದೆ.

ಗೊಂಬೆಯನ್ನು ಬೇಲಿಯ ಹತ್ತಿರಕ್ಕೆ ಸಾಗಿಸಿ, ಕೊಳವೆಯ ಬಾಯಿ ಬಿಡಿಸಿ ಬಂದ. ಈಗ ಉರಿ ನೆಟ್ಟಗೆ ನಿಂತಿದೆ. ಆಪರೇಷನ್ ಆದ ಮೊಣಕಾಲಿಗೆ ಹಿತವಾಗಿದೆ.

ಈಗಷ್ಟೇ ಪರದೆ ಸರಿಸಿದೆ. ಗೊಂಬೆಯ ತಲೆ ಮೇಲೆ ನನ್ನ ಟೋಪಿ! ಇನ್ನೊಂದು ಸುತ್ತು ಬೈಯೋಣವೆಂದರೆ ಅವನು ನಿದ್ದೆ ಹೋಗಿದ್ದಾನೆ. ಇರಲಿ. ಕಾಲು ವಾಸಿಯಾಗುವ ತನಕ ನನ್ನ ಬದಲು ಅದೇ ಹೊರಗೆ ನಿಂತು ಹಿಮ ನೋಡಲಿ, ನಾನಿಲ್ಲಿ ಇವನನ್ನು ನೋಡಿಕೊಳ್ಳುತ್ತೇನೆ.