ಗಂಗಮ್ಮನ ಬಲಭುಜದ ಕಡ್ಡಿ

ಯಲ್ದೂರು
12-6-2025

ಪ್ರೀತಿಯ ತಮ್ಮ ಚಂದ್ರುವಿಗೆ ಸುನಂದಕ್ಕನ ಆಶೀರ್ವಾದ.

ಪುಣೆಯಲ್ಲಿ ಮಳೆ ಹಿಡಿದಿದೆಯಂತೆ, ನಿನ್ನ ಕೆಮ್ಮು ಹೇಗಿದೆ? ಒದ್ದೆ ತಲೆಯಲ್ಲಿ ಲ್ಯಾಬಿನ ಏಸಿಗೆ ಕೂರಬೇಡಪ್ಪ. ನಾವೆಲ್ಲ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ಫೋನು ಮಾಡಿದರೆ ಕಿರುಚಿಬಿಡುತ್ತೇನೆ, ಅದಕ್ಕೇ ಕಾಗದ.

ನಂಗಲಿಯ ನಿನ್ನ ಸ್ನೇಹಿತ ವೆಂಕಟ್‌ನ ಸಂಬಂಧ ಬೇಡವೆಂದು ನಮ್ಮ ತಂಗಿ ಮೌನಿಕಾ ಮೂರು ಸಲ ಹೇಳಿದ್ದಳಲ್ಲ. ಕೊನೆಗೆ ಅಪ್ಪ, "ತಾಯೀನೇ ಕೇಳಿಬಿಡೋಣ. ಬಲಗಡೆ ಹೂ ಬಿದ್ರೆ ಮದುವೆ, ಎಡಗಡೆ ಬಿದ್ರೆ ಬ್ಯಾಡ" ಎಂದರು. ಮಂಗಳವಾರ ಗಂಗಮ್ಮನ ಗುಡಿಯಲ್ಲಿ ಪೂಜಾರಿ ದೊಡ್ಡಪ್ಪ ಎರಡೂ ಭುಜದ ಮೇಲೆ ಹೂವಿಟ್ಟು, ವಿಗ್ರಹಕ್ಕೆ ಅಂಟಿಕೊಂಡಂತೆ ಕೈಮುಗಿದು ನಿಂತರು. ಬಲಗಡೆಯದು ಬಿತ್ತು. "ತಾಯಿ ಹೇಳಿದ್ಮೇಲೆ ನಂದೇನಿದೆ ಅಕ್ಕಾ" ಎಂದಳು ಮೌನಿಕಾ. ಅಂದಿನಿಂದ ಹುಡುಗಿ ಅಳುವುದೂ ಇಲ್ಲ. ಆಷಾಢ ಬರುವುದರೊಳಗೆಂದು ಇಪ್ಪತ್ತೆರಡಕ್ಕೇ ನಿಶ್ಚಿತಾರ್ಥ.

ಇವತ್ತು ಗುಡಿ ತೊಳೆಯುವ ಸರದಿ ನನ್ನದು. ಬಾಡಿದ ಹೂ ತೆಗೆಯುವಾಗ ಬಲಭುಜದ ಹಿಂದೆ ಅರಗಿನಲ್ಲಿ ಅಂಟಿಸಿದ್ದ ಕಡ್ಡಿ ಕೈಗೆ ತಗುಲಿತು. ಸಂಕ್ರಾಂತಿಗೆ ನೀನು ಮಕ್ಕಳಿಗೆ ತೋರಿಸಲು ತಂದು, ಮ್ಯಾಗ್ನೆಟ್ ಸಮೇತ ಇಲ್ಲೇ ಮರೆತುಹೋದೆನೆಂದ ಆ ಲೋಹದ ಕಡ್ಡಿ! ಮ್ಯಾಗ್ನೆಟ್ ಹಿಡಿದರೆ ಒಳಗಿನ ಪದರಗಳು ವಾಲಿ ಉದ್ದವಾಗುತ್ತದೆ, ಮ್ಯಾಗ್ನೆಟ್ ತೆಗೆದರೂ ಹಾಗೇ ಇರುತ್ತದೆ, ಒತ್ತಿದರೆ ಮೊದಲಿನಂತಾಗುತ್ತದೆ ಎಂದಿದ್ದೆಯಲ್ಲ. ಸ್ಕೇಲಿಟ್ಟು ನೋಡಿದೆ, ಇಪ್ಪತ್ತೊಂದು ಮಿಲಿಮೀಟರ್. ಬೆರಳಲ್ಲಿ ಒತ್ತಿದೆ, ಇಪ್ಪತ್ತಕ್ಕೆ ಬಂತು. ಅಂಚಿನಲ್ಲಿಟ್ಟ ಹೂವನ್ನು ನೂಕಲು ಅಷ್ಟು ಸಾಕು.

ಥೂ! ದೊಡ್ಡಪ್ಪ ಮುಗಿದ ಕೈಯೊಳಗೆ ಮ್ಯಾಗ್ನೆಟ್ ಇಟ್ಟುಕೊಂಡಿದ್ದರಲ್ಲೋ. ಅದೇ ಕೈಯಿಂದ ತೀರ್ಥ ಕುಡಿದೆನಲ್ಲ! ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಮನೆಮಗಳ ಬಾಯಿ ಮುಚ್ಚಿಸಲು ದೇವರೇ ಬೇಕಾಗಿತ್ತೇ? ಅಪ್ಪನಿಗೆ ಹೇಳಿದರೆ, "ತಾಯಿ ಮೇಲೇ ಅನುಮಾನವೇನೇ?" ಎಂದು ಎದ್ದುಹೋದರು. ನೀನು ಓದಿದವನು, ನಿನ್ನ ಮಾತು ಕೇಳುತ್ತಾರೆ. ಒಂದು ಸಲ ಬಂದುಹೋಗು.

ಹೊತ್ತಿಗೆ ಸರಿಯಾಗಿ ಊಟ ಮಾಡು. ತಾಯಿ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಸುನಂದ

ಮರೆತ ಮಾತಲ್ಲ, ಈಗಷ್ಟೇ ತಿಳಿದದ್ದು: ಕಾಗದ ಮಡಿಚುವ ಮೊದಲು ದೊಡ್ಡಪ್ಪನ ಮನೆಗೆ ಹೋಗಿ ಕಡ್ಡಿಯನ್ನು ಅವರ ಮುಂದೆ ಎಸೆದೆ. ಅವರಿಗೆ ನಾಚಿಕೆಯೂ ಆಗಲಿಲ್ಲ. ಫೋನು ತೆಗೆದು ನೀನು ಕಳಿಸಿದ ವಿಡಿಯೋ ಹಾಕಿದರು. "ಮ್ಯಾಗ್ನೆಟ್ ಅಡ್ಡಕ್ಕೇ ಹಿಡೀಬೇಕು ದೊಡ್ಡಪ್ಪ, ಉದ್ದಕ್ಕೆ ಹಿಡಿದ್ರೆ ಕುಗ್ಗೋಗ್ತದೆ." ನಿನ್ನದೇ ದನಿ, ಮಧ್ಯೆ ನಿನ್ನದೇ ಕೆಮ್ಮು. ಇಪ್ಪತ್ತೆರಡರೊಳಗೆ ಬಂದು ಅಪ್ಪನ ಮುಂದೆ ನೀನೇ ಬಾಯಿಬಿಡು. ಮೌನಿಕಾಗೆ ಇನ್ನೂ ಹೇಳಿಲ್ಲ. "ಅಣ್ಣ ಇಲ್ಲಿದ್ದಿದ್ರೆ ಹಿಂಗಾಗೋಕೆ ಬಿಡ್ತಿರ್ಲಿಲ್ಲ" ಎನ್ನುತ್ತಾಳೆ.