ಪಂಪಿಗೆ ವಯಸ್ಸಾಗಿತ್ತು, ಅತ್ತೆ

ಕುರನೂರಿನ ತವರುಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಓದುತ್ತಿರುವ ನನ್ನ ಅತ್ತೆ ಪಾರ್ವತಿಬಾಯಿಯವರಿಗೆ, ನಿಮ್ಮ ಸೊಸೆ ಪೂನಮ ಮಾಡುವ ನಮಸ್ಕಾರಗಳು.

ಫೋನಿನಲ್ಲೇ ಹೇಳಬಾರದಿತ್ತೇ ಎಂದು ಕೇಳುತ್ತೀರಿ. ಹೇಗೆ ಹೇಳಲಿ? "ಗಾಡಿ" ಎಂಬ ಮಾತು ನನ್ನ ಬಾಯಿಂದ ಬಂದ ಕೂಡಲೇ "ಒಲಿ ಮ್ಯಾಲ ಹಾಲಿಟ್ಟೀನವಾ" ಎಂದು ಫೋನ್ ಇಡುತ್ತೀರಿ. ನೀವು ಹೋದಾಗಿನಿಂದ ಕುರನೂರಿನಲ್ಲಿ ಅದೆಷ್ಟು ಹಾಲು ಕಾದಿದೆಯೋ! ಪತ್ರವಾದರೆ ನಡುವೆ ಹಾಲು ಉಕ್ಕುವುದಿಲ್ಲ. ನಿಮ್ಮ ಮಗ ಬರೆಯೋಣವೆಂದರೆ ಅವರದು ಮರಾಠಿ ಶಾಲೆ, ಕನ್ನಡದ ಅಕ್ಷರ ಕಂಡರೆ ಕಣ್ಣು ಕಿರಿದು ಮಾಡುತ್ತಾರೆ. ಇಂಡಿ ಊರಿನಿಂದ ಕನ್ನಡ ಕಲಿತ ಸೊಸೆ ತಂದದ್ದು ಈ ಒಂದು ಕೆಲಸಕ್ಕಾದರೂ ಬಂತು ಎಂದುಕೊಳ್ಳಿ.

ಅತ್ತೆ, ನಾನು ಮದುವೆಯಾಗಿ ಬಂದ ದಿನ ಸೊಲ್ಲಾಪುರ ಸ್ಟೇಷನ್ನಿನ ಹೊರಗೆ ಆ ಉದ್ದನೆಯ ಬಿಳಿ ಕಾಂಟೆಸಾ ಕಾರು ನಿಂತಿತ್ತು. ಡ್ರೈವರ್ ಎಲ್ಲಿ ಎಂದು ನಾನು ಸುತ್ತ ನೋಡುತ್ತಿದ್ದೆ. ನೀವು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಹಿಂದೆ ಕೂತಿರಿ. ಮಾವ ಹಿಂದಿನ ಸೀಟಿನಲ್ಲಿ ನನ್ನ ಟ್ರಂಕನ್ನು ತೊಡೆಯ ಮೇಲಿಟ್ಟುಕೊಂಡು, "ಹೆದರಬ್ಯಾಡವಾ, ನಾನೂ ಮೊದಮೊದಲು ಕಣ್ಣು ಮುಚ್ಚಿಕೊಂಡ ಕುಂಡ್ರತಿದ್ದೆ" ಎಂದರು. ಚಾದರದ ವ್ಯಾಪಾರ ಬೆಳೆದಾಗ ಗಾಡಿ ಕೊಂಡವರು ಅವರು. ಓಡಿಸಲು ಕಲಿತವರು ನೀವು. ಅವರು ತೀರಿಕೊಂಡ ಮೇಲೂ ಗುರುವಾರ ಬಂದರೆ ಓಣಿಯ ಹೆಂಗಸರನ್ನು ತುಂಬಿಕೊಂಡು ಅಕ್ಕಲಕೋಟೆಗೆ ಸ್ವಾಮಿಯ ದರ್ಶನಕ್ಕೆ ಹೊರಡುವುದನ್ನು ನೀವು ಬಿಡಲಿಲ್ಲ. ಆ ಗಾಡಿಯ ಕೀಲಿ ಬೇರೆ ಯಾರ ಕೈಗೂ ಸಿಕ್ಕಿದ್ದಿಲ್ಲ.

ಆಮೇಲೆ ಆ ಸಂಜೆ. ನಮ್ಮದೇ ಓಣಿಯ ತಿರುವಿನಲ್ಲಿ ಗಾಡಿ ಹೊರಳಲಿಲ್ಲ. ನೀವು ಎರಡೂ ಕೈಯಿಂದ ಜಗ್ಗಿದಿರಿ, ಅದು ನೆಟ್ಟಗೆ ಹೋಗಿ ಎದುರುಮನೆಯ ಕಟ್ಟೆ ಏರಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಎರಡು ಇಟ್ಟಿಗೆ ಕಿತ್ತುಬಂದವು, ಅಷ್ಟೇ. ಆದರೆ ಇಳಿದು ಬಂದ ನಿಮ್ಮ ಮುಖವನ್ನು ನಾನು ನೋಡಿದೆ. ಕೀಲಿಯನ್ನು ಮಗನ ಕೈಗೆ ಹಾಕಿ, "ಸಾಕಪ್ಪಾ ಯೋಗೀ, ಗಾಡಿ ನನ್ನ ಮಾತು ಕೇಳವಲ್ದು. ನನ್ನ ರಟ್ಟ್ಯಾಗ ಇನ್ನ ಕಸುವಿಲ್ಲ" ಎಂದಿರಿ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಕುರನೂರಿಗೆ, ನಿಮ್ಮ ತಮ್ಮ ಕಲ್ಲಣ್ಣ ಮಾಮಾನ ಮನೆಗೆ ಹೋದಿರಿ. ಅಷ್ಟು ವರ್ಷ ಗಾಡಿ ಓಡಿಸಿದವರು ಕೈಚೀಲ ಎದೆಗವಚಿಕೊಂಡು ಬಸ್ಸಿನ ಕಿಟಕಿಯಲ್ಲಿ ಕೂತದ್ದನ್ನು ನೋಡಿ ನನಗೆ ಅಳು ಬಂತು.

ನಿಮ್ಮ ಮಗನಿಗೂ ಸಂಕಟವೇ. ಆದರೆ ಗಂಡಸರ ಸಂಕಟ ಬೇರೆ ದಾರಿ ಹಿಡಿಯುತ್ತದೆ. ಮದುವೆ ಮೆರವಣಿಗೆಗೆ ಹಳೆಯ ಗಾಡಿಗಳನ್ನು ಬಾಡಿಗೆಗೆ ಬಿಡುವ ಒಬ್ಬರಿಗೆ ಕಾಂಟೆಸಾ ಕೊಡುವ ಮಾತಾಡಿ ಬಂದರು. "ಕಣ್ಣೆದುರಿಗೆ ಇದ್ದಷ್ಟೂ ಅವ್ವನ ಜೀವ ಮರಗತದ" ಎಂದರು. ಕೊಡುವ ಮುಂಚೆ ತೊಳೆಸಿ ತರೋಣವೆಂದು ತವರಿನಲ್ಲೇ ಗಾಡಿ ಓಡಿಸಲು ಕಲಿತಿದ್ದ ನಾನು ಮೊದಲ ಬಾರಿಗೆ ಅದರ ಸ್ಟೇರಿಂಗ್ ಹಿಡಿದೆ.

ಅತ್ತೆ, ಅದು ಹೊರಳಲೇ ಇಲ್ಲ!

ದಿನಾ ಜೋಳದ ರೊಟ್ಟಿ ಬಡಿಯುವ ಕೈ ನನ್ನದು. ತುಂಬಿದ ಸಿಲಿಂಡರನ್ನು ಒಬ್ಬಳೇ ಮೆಟ್ಟಿಲು ಹತ್ತಿಸುತ್ತೇನೆ. ಅಂಥವಳು ಆ ಚಕ್ರವನ್ನು ಅರ್ಧ ಸುತ್ತಿಸುವಷ್ಟರಲ್ಲಿ ಬೆವತುಹೋದೆ. ತಿರುಗಿಸಿದಾಗಲೆಲ್ಲ ಬಾನೆಟ್ಟಿನೊಳಗಿಂದ ನಾಯಿ ಮುಲುಗಿದ ಹಾಗೆ ಸದ್ದು. ಕೆಳಗೆ ಬಗ್ಗಿ ನೋಡಿದರೆ ನೆಲದ ಮೇಲೆ ಕೆಂಪು ಎಣ್ಣೆಯ ಕಲೆ. ನಾನು ತೊಳೆಸಲು ಹೋಗಲಿಲ್ಲ. ಹಾಗೇ ಒದ್ದಾಡುತ್ತ ಅಶೋಕ ಚೌಕದ ಆಚೆಗಿರುವ ಧರ್ಮರಾಜನ ಗ್ಯಾರೇಜಿಗೆ ಒಯ್ದೆ.

ಧರ್ಮರಾಜ ನಿಮಗೆ ಗೊತ್ತಲ್ಲ, ಕೆಲಸಕ್ಕಿಂತ ಮಾತು ಮೊದಲು. ಅವನು ಕೂಡ ಸ್ಟೇರಿಂಗ್ ಹೊರಳಿಸಲು ಹೋಗಿ ಸೀಟಿನಿಂದ ಎದ್ದು ನಿಂತ. "ವೈನಿ, ಪವರ್ ಸ್ಟೇರಿಂಗಿನ ಪಂಪ್ ಸತ್ತು ಭಾಳ ದಿನಾ ಆಗ್ಯದ. ಎಣ್ಣಿ ದೂಡೋದು ಅದರ ಕೆಲಸ. ಅದು ದೂಡಿದ್ರ ಚಕ್ರ ಹಗುರ ಹೊಳ್ಳತಾವ. ಇಲ್ಲಾಂದ್ರ ಗಾಡಿ ಭಾರ ಎಲ್ಲಾ ಕೈ ಮ್ಯಾಲ. ಆಯಿ ಇಷ್ಟು ದಿನಾ ಹೆಂಗ ಓಡಿಸ್ಯಾರಿ ಇದನ್ನ?" ಎಂದ. ನಾನು ಅಲ್ಲೇ ಟೈರಿನ ಮೇಲೆ ಕೂತು ನಕ್ಕೆ. ನಗುತ್ತ ಕಣ್ಣು ಒದ್ದೆಯಾದವು. ನಿಮ್ಮ ತೋಳಿಗೆ ವಯಸ್ಸಾಗಿರಲಿಲ್ಲ, ಅತ್ತೆ. ಪಂಪಿಗಾಗಿತ್ತು. ಅದು ಸ್ವಲ್ಪಸ್ವಲ್ಪವಾಗಿ ಸಾಯುತ್ತ ಬಂದದ್ದಕ್ಕೆ ನಿಮಗೆ ತಿಳಿಯಲಿಲ್ಲ. ಬೇರೆಯವರು ಓಡಿಸಿದ್ದರೆ ತಿಳಿಯುತ್ತಿತ್ತು, ಆದರೆ ನೀವು ಯಾರಿಗೂ ಮುಟ್ಟಗೊಡಲಿಲ್ಲ.

ಈಗ ಪಂಪ್ ಎಲ್ಲಿ ಸಿಗಬೇಕು? ಆ ಗಾಡಿ ತಯಾರಾಗುವುದು ನಿಂತು ಎಷ್ಟೋ ವರ್ಷವಾಯಿತು. ಬಿಡಿಭಾಗದ ಅಂಗಡಿಯವರೆಲ್ಲ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಕೊನೆಗೆ ಧರ್ಮರಾಜನಿಗೇ ನೆನಪಾಯಿತು: ಬೋರಾಮಣಿಯಲ್ಲಿ ರೇವಮ್ಮ ಎಂಬವರ ದನದ ಕೊಟ್ಟಿಗೆಯಲ್ಲಿ ಇಂಥದೇ ಒಂದು ಕಾಂಟೆಸಾ ನಿಂತಿದೆ. ನನ್ನ ಸ್ಕೂಟರಿನ ಮೇಲೆ ಇಬ್ಬರೂ ಹೋದೆವು.

ಗಾಡಿ ಇತ್ತು. ಡ್ರೈವರ್ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಬಾನೆಟ್ ತೆಗೆಯುವ ಹಿಡಿ ಇರುವುದು ಅದರ ಕಾಲಬುಡದಲ್ಲೇ. ಧರ್ಮರಾಜ ಕೈ ಚಾಚಿದ, ಅದು ಕುಕ್ಕಿತು. ಇನ್ನೊಮ್ಮೆ ಚಾಚಿದ, ಇನ್ನೊಮ್ಮೆ ಕುಕ್ಕಿತು. ರೇವಮ್ಮ ಕಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಕೋಳಿಯ ಪರವಾಗಿ. "ಆಕೀನ ಎಬ್ಬಿಸಿದ್ರ ನೋಡ್ರಿ ಮತ್ತ! ತತ್ತಿ ಕೆಡ್ತಾವ" ಎಂದರು. ಕೊನೆಗೆ ಧರ್ಮರಾಜ ಮುಂದಿನಿಂದ ಗಾಡಿಯ ಕೆಳಗೆ ತೂರಿ, ಅದೇನೋ ತಂತಿ ಎಳೆದು ಬಾನೆಟ್ ತೆಗೆದ. ಒಳಗೆ ಪಂಪ್ ಧೂಳು ತಿಂದು ಕೂತಿತ್ತು, ಕೈಯಿಂದ ತಿರುವಿದರೆ ಸಲೀಸಾಗಿ ತಿರುಗಿತು.

ಏನು ಕೊಡಬೇಕು ಎಂದು ಕೇಳಿದೆ. ರೇವಮ್ಮ ಕಟ್ಟಿಗೆಯನ್ನು ಗೋಡೆಗೆ ಆನಿಸಿ, "ಗಾಡಿ ಯಾರು ಓಡಸ್ತಾರ?" ಎಂದರು. ನಮ್ಮ ಅತ್ತೆ ಎಂದೆ. ನಂಬಲಿಲ್ಲ. ಫೋನಿನಲ್ಲಿದ್ದ ನಿಮ್ಮ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು. "ನಮ್ಮನಿಯವ್ರು ಇದನ್ನ ತಂದಾಗ ನಾನೂ ಕಲೀತೀನಿ ಅಂದಿದ್ದೆ. ನಕ್ಕುಬಿಟ್ರು. ನನಗೇನೂ ಬ್ಯಾಡ. ನಿಮ್ಮ ಅತ್ತಿಗೆ ಹೇಳ್ರಿ, ಒಮ್ಮಿ ನನ್ನನ್ನ ತನ್ನ ಬಾಜೂಕ ಕುಂಡ್ರಿಸಿಕೊಂಡು ತುಳಜಾಪುರಕ್ಕ ಒಯ್ಯಲಿ" ಎಂದರು. ನಿಮ್ಮನ್ನು ಕೇಳದೆ ನಾನು ಆಗಲಿ ಎಂದು ಮಾತು ಕೊಟ್ಟೆ. ನೀವು ಬೈದರೂ ಅಡ್ಡಿಯಿಲ್ಲ.

ಪಂಪ್ ಕೂರಿಸುವ ದಿನ ನಾನೂ ಗ್ಯಾರೇಜಿನಲ್ಲೇ ಇದ್ದೆ. ಧರ್ಮರಾಜ ರೇವಮ್ಮನವರ ಪಂಪಿನ ಒಣಗಿದ ಸೀಲುಗಳನ್ನು ಕಿತ್ತು ಹೊಸವನ್ನು ಹಾಕಿದ. ಹಳೆಯ ಪಂಪಿನ ಬೆಲ್ಟ್ ಸಡಿಲಿಸಿ, ಎಣ್ಣೆಯ ಪೈಪುಗಳನ್ನು ಬಿಚ್ಚಿ, ಬೋಲ್ಟುಗಳನ್ನು ತೆಗೆಯುವಾಗ ಒಂದು ಬೋಲ್ಟ್ ಅವನ ಕೈಗೆ ಎಟುಕಲಿಲ್ಲ. ನನ್ನ ಕೈ ಸಣ್ಣದು, ಒಳಗೆ ತೂರಿತು. ಪಾನಾ ಹಿಡಿದು ಬಿಚ್ಚಿದವಳು ನಾನೇ! ಅದರ ಜಾಗದಲ್ಲಿ ರೇವಮ್ಮನವರ ಪಂಪ್ ಬಿಗಿದು ಎಣ್ಣೆ ತುಂಬಿದ ಮೇಲೆ ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿ, ಎಂಜಿನ್ ಶುರು ಮಾಡದೆಯೇ ಸ್ಟೇರಿಂಗನ್ನು ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಹೊರಳಿಸುತ್ತ ಇರಬೇಕು, ಒಳಗಿನ ಗಾಳಿ ಹೋಗುವವರೆಗೂ. ನಾನು ಹೊರಳಿಸಿದೆ, ಅವನು ಎಣ್ಣೆಯ ಡಬ್ಬಿಯೊಳಗಿನ ಗುಳ್ಳೆ ನೋಡುತ್ತ ನಿಂತ. ಗುಳ್ಳೆ ನಿಂತವು. ಎಂಜಿನ್ ಶುರು ಮಾಡಿದೆ. ಪೈಪಿನ ಒಂದು ಕ್ಲಿಪ್ ಬಿಗಿಯುವುದನ್ನೇ ಅವನು ಮಾತಿನ ಭರದಲ್ಲಿ ಮರೆತಿದ್ದ! ಕೆಂಪು ಎಣ್ಣೆ ಚಿಮ್ಮಿ ಅವನ ಮುಖ, ಅಂಗಿ, ಗೋಡೆಯ ಮೇಲಿನ ಕ್ಯಾಲೆಂಡರ್ ಎಲ್ಲ ಓಕುಳಿ. ಮತ್ತೆ ಮೊದಲಿನಿಂದ ಶುರು.

ಎರಡನೇ ಸಲ ಸದ್ದಿರಲಿಲ್ಲ. ಅಂಗೈಯಿಂದ ಸುಮ್ಮನೆ ಸವರಿದೆ, ಚಕ್ರ ಹೊರಳಿತು.

ಸಂಜೆ ನಿಮ್ಮ ಮಗನನ್ನು ಅಂಗಡಿಯಿಂದ ಕರೆತಂದು ಗಾಡಿಯಲ್ಲಿ ಕೂರಿಸಿ, ಮೊದಲು ಏನಾಗಿತ್ತು, ಈಗ ಏನಾಗಿದೆ ಎಂದು ಹೇಳಿದೆ. ಕಳಚಿಟ್ಟಿದ್ದ ಹಳೆಯ ಪಂಪನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುವಿ ನೋಡಿದರು. "ಅಂದ್ರ ಅವ್ವ ಬರೇ ತನ್ನ ಕೈ ಜೋರಿನ ಮ್ಯಾಲ ಓಡಿಸ್ಯಾಳ?" ಎಂದರು. ಹೌದು ಎಂದೆ. ಆಚೆ ಹೋಗಿ ಬಾಡಿಗೆಯವರಿಗೆ ಫೋನ್ ಮಾಡಿ, ಗಾಡಿ ಕೊಡುವುದಿಲ್ಲ, ತಪ್ಪು ತಿಳಿಯಬೇಡಿ ಎಂದರು. ಒಳಗೆ ಬಂದು, "ಇದನ್ನ ಅವ್ವಗ ಹೆಂಗ ಹೇಳೂನು?" ಎಂದು ಕೇಳಿದರು. ಅದನ್ನು ನನಗೆ ಬಿಡಿ ಎಂದೆ.

ಅದಕ್ಕೇ ಈ ಪತ್ರ. ಇದನ್ನು ಸೊಲ್ಲಾಪುರದಲ್ಲಿ ಕೂತು ಬರೆಯುತ್ತಿಲ್ಲ, ಅತ್ತೆ. ಕುರನೂರಿನ ಡ್ಯಾಮಿನ ಹತ್ತಿರ ಗಾಡಿ ನಿಲ್ಲಿಸಿ, ನೀರಿನ ಗಾಳಿಗೆ ಹಾರುವ ಕಾಗದವನ್ನು ಮೊಣಕೈಯಿಂದ ಒತ್ತಿಹಿಡಿದು ಬರೆಯುತ್ತಿದ್ದೇನೆ. ಕಲ್ಲಣ್ಣ ಮಾಮಾನನ್ನು ಇಲ್ಲಿಗೇ ಕರೆಸಿಕೊಂಡಿದ್ದೇನೆ. ಅವರು ಇದನ್ನು ನಿಮ್ಮ ಕೈಗಿಡುತ್ತಾರೆ. ನೀವು ಓದುವಷ್ಟರಲ್ಲಿ ನಾನು ಊರೊಳಗೆ ಬಂದು ನಿಮ್ಮ ತವರಿನ ಸಂದಿಯಲ್ಲಿ, ಹುಣಸೆಮರದ ಕೆಳಗೆ ನಿಲ್ಲಿಸಿರುತ್ತೇನೆ. ಎಂಜಿನ್ ಆರಿಸುವುದಿಲ್ಲ. ಈಗ ಕಿವಿಗೊಟ್ಟರೆ ನಿಮಗೆ ಕೇಳಿಸೀತು.

ಒಂದು ಮಾತು. ಆ ಸಂದಿಯೊಳಗೆ ಮುಂದಕ್ಕೆ ಬರುವಷ್ಟು ಮಾತ್ರ ನನಗೆ ಗೊತ್ತು. ಅಷ್ಟುದ್ದದ ಗಾಡಿಯನ್ನು ಎತ್ತಿನ ಬಂಡಿಗಳ ನಡುವೆ ಹಿಂದಕ್ಕೆ ತೆಗೆಯುವುದು ನನ್ನಿಂದಾಗದು. ಮಾಮಾನಿಂದಲೂ ಆಗದು. ನೀವು ಎದ್ದು ಬರದೆ ಗತ್ಯಂತರವಿಲ್ಲ. ನಾನು ಎಡಗಡೆಯ ಸೀಟಿಗೆ ಸರಿದು ಕೂತಿರುತ್ತೇನೆ.

ನಿಮ್ಮ ಕೈಗೆ ಆಯುಷ್ಯ ಹೆಚ್ಚಲಿ, ಮುಂದಿನ ದಾರಿ ಅಗಲವಾಗಿರಲಿ. ಚಪ್ಪಲಿ ಮೆಟ್ಟಿಕೊಂಡು ಬನ್ನಿ.

ಹೊರಗೆ ಕಾಯುತ್ತಿರುವ ನಿಮ್ಮ ಸೊಸೆ,
ಪೂನಮ