ಬಾ ಅನ್ನದೆ ಇದ್ದದ್ದಕ್ಕೆ

ಚಿರಂಜೀವಿ ಪ್ರಣೀತಾಳಿಗೆ,

ಕನ್ನಡ ಓದಲು ನಿನಗೆ ಹೊತ್ತು ಹಿಡಿಯುತ್ತದೆ, ಗೊತ್ತು. ಆದರೂ ಫೋನಿನಲ್ಲಿ ಹೇಳಲಾಗದ್ದನ್ನು ಬರೆಯುತ್ತಿದ್ದೇನೆ. ಮೆಲ್ಲಗೆ ಓದು.

ಸೋಮವಾರ ಸಂಜೆ ನೀನು ನಾಗಪುರದ ಹಾಸ್ಟೆಲಿನಿಂದ ಅಳುತ್ತ ಫೋನು ಮಾಡಿದೆ. “ಅವ್ವಾ, ನಂಗಿಲ್ಲಿ ಆಗೂದಿಲ್ಲ. ಪುಣೇಕ್ಕ ಬಂದುಬಿಡ್ತೀನಿ” ಎಂದೆ. ನಾನು “ಅಲ್ಲೇ ಇರು” ಎಂದೆ, ಅಷ್ಟೇ. ನೀನು ಫೋನು ಇಟ್ಟೆ. ಅಂದಿನಿಂದ ಮಾಡಿಲ್ಲ. ಅವ್ವನ ಎದೆ ಕಲ್ಲು ಎಂದುಕೊಂಡಿರಬೇಕು.

ಬೇಸಿಗೆಯಲ್ಲಿ ನಾವಿಬ್ಬರೂ ಕಾಲೇಜು ಹುಡುಕಿದೆವಲ್ಲ, ನಿನ್ನ ಸ್ಕೂಟಿಯ ಹಿಂದೆ ಕೂತು ನಾನು ಈ ಊರನ್ನು ನೋಡಿದ್ದೇ ಆಗ. ಧಾರವಾಡದಿಂದ ಮದುವೆಯಾಗಿ ಬಂದ ನನಗೆ ಧನಕವಡಿಯ ಕಾಯಿಪಲ್ಲೆ ಮಾರುವ ಗಲ್ಲಿ ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ; ನಿನ್ನ ಅಪ್ಪ ಹೋದ ಮೇಲೆ ಅದೂ ಬೇಡವಾಗಿತ್ತು. ಗೇಟಿನಲ್ಲಿ ಯಾರಾದರೂ ಮರಾಠಿಯಲ್ಲಿ ಏನಾದರೂ ಕೇಳಿದರೆ ನಾನು ನಿನ್ನ ಮುಖ ನೋಡುತ್ತಿದ್ದೆ. ಎಲ್ಲ ಕಾಲೇಜಿನಲ್ಲೂ ನನ್ನದು ಒಂದೇ ಪ್ರಶ್ನೆ: “ಮನೀಗೆ ಬಸ್ ಅದ ಏನು ಕೇಳು.” ಹತ್ತಿರದ ಕಾಲೇಜಿನಲ್ಲಿ ಸೀಟು ಸಿಕ್ಕ ದಿನ ಗೋಧಿ ಹುಗ್ಗಿ ಮಾಡಿದೆ. ನೀನು ಎರಡು ತುತ್ತು ತಿಂದು ಎದ್ದೆ.

ಆಮೇಲೆ ನಾಗಪುರದ ಡಿಸೈನ್ ಕಾಲೇಜಿನವರು ಇಲ್ಲೇ ಸದಾಶಿವ ಪೇಠದಲ್ಲಿ ಸಂದರ್ಶನ ಇಟ್ಟರು. ನೀನು ಒಳಗೆ, ನಾನು ಹೊರಗಿನ ಬೆಂಚಿನ ಮೇಲೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಪುಣೆಯಲ್ಲೇ ಸೀಟು ಇರುವಾಗ ಅಷ್ಟು ದೂರ ಯಾಕೆ ಎಂದು ಒಬ್ಬ ಮೇಡಂ ಕೇಳಿದರು. ಮರಾಠಿ ನನಗೆ ಆಡಲು ಬಾರದು, ಆದರೆ ತಿಳಿಯುತ್ತದೆ, ಮಗಳೇ. ಅದಕ್ಕೆ ನೀನು, ಮನೆಯಲ್ಲಿ ಅವ್ವ ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಾಳೆ, ನಾನು ನಕ್ಕರೆ ನಗುತ್ತಾಳೆ, ನಾನು ಉಣ್ಣದಿದ್ದರೆ ಉಣ್ಣುವುದಿಲ್ಲ, ನನಗೆ ಹೆದರಿಕೆಯಾಗುತ್ತದೆ ಎಂದೆ. ಸ್ವಲ್ಪ ದಿನವಾದರೂ ನನ್ನ ಪಾಡಿಗೆ ನಾನಿರಬೇಕು ಎಂದೆ.

ನೀನು ಹೊರಗೆ ಬಂದಾಗ ನಾನು “ಛಲೋ ಆತೇನು?” ಎಂದು ಕೇಳಿದೆ. “ಆತವ್ವ” ಎಂದೆ ನೀನು. ಇಬ್ಬರೂ ಕಬ್ಬಿನ ಹಾಲು ಕುಡಿದು ಮನೆಗೆ ಬಂದೆವು. ಸಿಟ್ಟು ಬರಲಿಲ್ಲ. ನೀನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ.

ನೀನು ಹೋದ ಮೇಲೆ ಮನೆ ಹೇಗಿದೆ ಎಂದು ನಾನು ಹೇಳಿಲ್ಲ. ಟಿವಿ ಹಚ್ಚಿಟ್ಟು ಅಡುಗೆಮನೆಯಲ್ಲಿ ಕೂರುತ್ತೇನೆ. ಯಾರ ಹತ್ತಿರವೂ ಮಾತಾಡದೆ ದಿನ ಕಳೆದಿರುತ್ತದೆ, ಸಂಜೆ ನಿನ್ನ ಫೋನು ಬಂದಾಗ ದನಿಯೇ ಹೊರಡುವುದಿಲ್ಲ. “ನೆಗಡಿ ಆಗೇದೇನವ್ವ?” ಎಂದು ಕೇಳುತ್ತೀಯಲ್ಲ, ಅದು ನೆಗಡಿಯಲ್ಲ.

ಹೀಗಿರುವಾಗ ನೀನಾಗಿಯೇ ಬರುತ್ತೇನೆಂದರೆ ನನಗೆ ಹೇಗಾಗಿರಬೇಡ? ಸೋಮವಾರ ನಾಲಿಗೆಯ ತುದಿಗೆ ಬಂದದ್ದು ‘ಬಾ’ ಎಂಬುದೇ. ನೀನು ಆ ಕಡೆ ಬಿಕ್ಕುತ್ತಿದ್ದೆ, ಈ ಕಡೆ ನನಗೆ ಸಂತೋಷವಾಗುತ್ತಿತ್ತು. ಮಗಳು ಅಳುವಾಗ ಹಿಗ್ಗುವ ತಾಯಿ ಎಂಥವಳು ಎಂದು ನನಗೇ ಭಯವಾಯಿತು. ಅದಕ್ಕೇ ‘ಅಲ್ಲೇ ಇರು’ ಎಂದೆ.

ಅಲ್ಲಿ ಏನಾಯಿತು ಎಂದು ಅಂದು ಕೇಳಲೇ ಇಲ್ಲ, ಈಗ ಕೇಳುತ್ತೇನೆ. ಓದು ಕಷ್ಟವೇ? ಯಾರಾದರೂ ಏನಾದರೂ ಅಂದರೇ? ನಿನಗೆ ನಿಜವಾಗಿಯೂ ಆಗದಿದ್ದರೆ ನಾಳೆಯೇ ರೈಲು ಹತ್ತು, ಸ್ಟೇಷನ್ನಿಗೆ ನಾನೇ ಬರುತ್ತೇನೆ. ನನ್ನ ಸಲುವಾಗಿ ಮಾತ್ರ ಬರಬೇಡ.

ದೇವರು ಅಲ್ಲಿ ನಿನಗೊಬ್ಬ ಒಳ್ಳೆಯ ಗೆಳತಿಯನ್ನು ಕೊಡಲಿ.

ನಿನ್ನ ಅವ್ವ,
ನೀಲಿಮಾ